ಕೃತಿಯ ಮುಂದೆ ಕೂತು ಕೇಳಬೇಕಾದ ಪ್ರಶ್ನೆಗಳು

ಅಮೆರಿಕದ ಷಿಕಾಗೊ ನಗರದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ವಿಚಿತ್ರ ಕಲಾಕೃತಿಯಿದೆ. ಹೊಳೆಯುವ ಬಣ್ಣದ ಕಾಗದ ಸುತ್ತಿದ ಪೆಪ್ಪರಮಿಂಟುಗಳನ್ನು ಗೋಡೆಯ ಮೂಲೆಗೆ ರಾಶಿ ಸುರಿದಿರುತ್ತಾರೆ, ಅಷ್ಟೆ. ನೋಡಲು ಬಂದವರು ಅದರಲ್ಲೊಂದನ್ನು ಎತ್ತಿಕೊಂಡು ಬಾಯಿಗೆ ಹಾಕಿಕೊಳ್ಳಬಹುದು, ಕಾವಲಿನವರು ಗದರುವುದಿಲ್ಲ. ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ ಇದನ್ನು ರೂಪಿಸಿದ್ದು 1991ರಲ್ಲಿ. ಅದೇ ವರ್ಷ ಅವರ ಸಂಗಾತಿ ರಾಸ್ ಏಡ್ಸ್‌ಗೆ ಬಲಿಯಾದರು. ಕೃತಿಗೆ ಹೆಸರಿಲ್ಲವೆಂದು ಹೇಳಿ, ಪಕ್ಕದಲ್ಲೇ ಕಂಸದೊಳಗೆ ಅದು ರಾಸ್ ಅವರ ಭಾವಚಿತ್ರ ಎಂದು ಕಲಾವಿದರು ಬರೆದಿದ್ದಾರೆ. ರಾಶಿಗೆ ಅವರು ಗೊತ್ತುಮಾಡಿದ ಆದರ್ಶ ತೂಕ 175 ಪೌಂಡು, ಅಂದರೆ ಸುಮಾರು 79 ಕಿಲೊ. ವಯಸ್ಸಿಗೆ ಬಂದ ಆರೋಗ್ಯವಂತ ಗಂಡಸೊಬ್ಬನ ತೂಕ ಅದು. ಜನ ಒಂದೊಂದೇ ಎತ್ತಿಕೊಂಡಂತೆ ರಾಶಿ ಸೊರಗುತ್ತದೆ. ಮ್ಯೂಸಿಯಂನವರು ಬೇಕೆಂದಾಗ ಮತ್ತೆ ತುಂಬಿಸುತ್ತಾರೆ. 2022ರಲ್ಲಿ ಈ ಕೃತಿಯ ಪಕ್ಕದ ವಿವರಣಾ ಫಲಕದಲ್ಲಿ ರಾಸ್ ಯಾರೆಂಬ ವಿವರಣೆಯೂ ಇಲ್ಲ, ಏಡ್ಸ್ ಪ್ರಸ್ತಾಪವೂ ಇಲ್ಲ ಎಂಬುದು ನೋಡುಗರ ಕಣ್ಣಿಗೆ ಬಿತ್ತು. ತಕರಾರು ಎದ್ದಿತು, ಪತ್ರಿಕೆಗೆ ಪತ್ರ ಹೋಯಿತು, ಕೊನೆಗೆ ಮ್ಯೂಸಿಯಂ ಫಲಕವನ್ನು ತಿದ್ದಿ ಬರೆಯಿತು.

ಒಂದು ಫಲಕದ ನಾಲ್ಕು ಸಾಲಿಗೆ ಇಷ್ಟೊಂದು ಗಲಾಟೆ ಬೇಕಿತ್ತೆ ಎಂದು ಕೇಳಬಹುದು. ಬೇಕಿತ್ತು. ಏಕೆಂದರೆ ಆ ಮ್ಯೂಸಿಯಂ ತನ್ನದೆಂದು ಕಾಪಾಡುತ್ತಿರುವುದು ಏನನ್ನು ಎಂದು ಯೋಚಿಸಿ ನೋಡಿ. ಪೆಪ್ಪರಮಿಂಟು ಕಾರ್ಖಾನೆಯಿಂದ ಹೊಸದಾಗಿ ಬಂದದ್ದು. ಕಲಾವಿದರು 1996ರಲ್ಲೇ ತೀರಿಕೊಂಡಿದ್ದಾರೆ, ಈಗ ಅಲ್ಲಿರುವ ಒಂದು ಚೂರನ್ನೂ ಅವರ ಕೈ ಮುಟ್ಟಿಲ್ಲ. ಹಳೆಯದು, ಅಸಲಿ, ಬೇರೆಲ್ಲೂ ಸಿಗದ್ದು ಎಂದು ಉಳಿದಿರುವುದು ಅವರ ಮಾತು ಮಾತ್ರ: ಕೃತಿಯ ಜೊತೆ ಬರುವ ಪ್ರಮಾಣಪತ್ರದಲ್ಲಿ ಬರೆದದ್ದು, ಸಂದರ್ಶನಗಳಲ್ಲಿ ಹೇಳಿದ್ದು. ಅವರ ಕೊನೆಯ ವರ್ಷಗಳಲ್ಲಿ ಅವರೊಡನೆ ಮಾತಿಗೆ ಕೂತವರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಕ್ಯುರೇಟರ್ ರಾಬರ್ಟ್ ಸ್ಟಾರ್ ಕೂಡ ಒಬ್ಬರು. ಇಂಥ ಸಂದರ್ಶನಗಳು ಅಚ್ಚಾಗಿ ಎಲ್ಲರ ಕೈಗೆ ಸಿಗುವಂತಿದ್ದವು. ಆದ್ದರಿಂದಲೇ ಮ್ಯೂಸಿಯಂ ಸುಮ್ಮನಿದ್ದ ಕಡೆ ಹೊರಗಿನವರು ಮಾತಾಡಲು ಸಾಧ್ಯವಾಯಿತು.

ಕಲಾವಿದರೂ ಕ್ಯುರೇಟರೂ ಸಭಿಕರ ಮುಂದೆ ಕೂತು ಮಾತಾಡುವ ಕಾರ್ಯಕ್ರಮಗಳು ಈಗ ಎಲ್ಲ ಊರುಗಳಲ್ಲೂ ನಡೆಯುತ್ತವೆ. ವೇದಿಕೆಯ ಮೇಲೆ ಎರಡು ಕುರ್ಚಿ, ಎರಡು ಮೈಕು, ಹಿಂದೆ ಪರದೆಯ ಮೇಲೆ ಚಿತ್ರಗಳು, ಕೊನೆಯಲ್ಲಿ ಹತ್ತು ನಿಮಿಷ ಪ್ರಶ್ನೋತ್ತರ, ಆಮೇಲೆ ಚಹಾ. ಬಹಳ ಜನರಿಗೆ ಇದು ಪ್ರದರ್ಶನದ ಉದ್ಘಾಟನೆಗೆ ಅಂಟಿಕೊಂಡ ಉಪಚಾರ. ಸ್ವಲ್ಪ ಪ್ರಚಾರ, ಸ್ವಲ್ಪ ಹೊಗಳಿಕೆ. ಹಾಗೆ ನಡೆಯುವುದೂ ಉಂಟು, ಬಹುಪಾಲು ಹಾಗೆಯೇ ನಡೆಯುತ್ತದೆ. ಆದರೆ ಅದರ ನಿಜವಾದ ಕೆಲಸ ಬೇರೆ. ಇಂದಿನ ಕಲೆಯಲ್ಲಿ ಕಲಾವಿದರ ಮಾತು ಕೃತಿಯ ಸಾಮಗ್ರಿಯ ಒಂದು ಭಾಗ. ಬಣ್ಣ, ಬಟ್ಟೆ, ಲೋಹಗಳನ್ನು ಕಾಪಾಡುವಷ್ಟೇ ಎಚ್ಚರದಿಂದ ಅದನ್ನೂ ಕಾಪಾಡಬೇಕು. ಕಾಪಾಡುವುದೆಂದರೆ ಕಲಾವಿದರು ಬದುಕಿರುವಾಗ ಕೇಳುವುದು, ನಾಲ್ಕು ಜನರ ಎದುರು ಕೇಳುವುದು, ಕೇಳಿದ್ದನ್ನು ಕತ್ತರಿ ಹಾಕದೆ ಇಡುವುದು. ಈ ದೃಷ್ಟಿಯಿಂದ ನೋಡಿದರೆ ಅದು ಸನ್ಮಾನ ಸಮಾರಂಭಕ್ಕಿಂತ ಸಾಕ್ಷ್ಯ ಹೇಳುವ ಕಟಕಟೆಗೆ ಹತ್ತಿರ.

ಹಳೆಯ ಮ್ಯೂಸಿಯಂಗಳಿಗೆ ಈ ತಾಪತ್ರಯ ಇರಲಿಲ್ಲ. ಏನನ್ನು ಸಂಗ್ರಹಿಸಬೇಕು, ಯಾವುದನ್ನು ಯಾವುದರ ಪಕ್ಕ ಇಡಬೇಕು, ಅದರ ಬಗ್ಗೆ ಏನು ಬರೆಯಬೇಕು ಎಂದು ತೀರ್ಮಾನಿಸುವವರು ಕ್ಯುರೇಟರ್. ಅವರ ವಶಕ್ಕೆ ವಸ್ತು ಬರುವ ಹೊತ್ತಿಗೆ ಅದನ್ನು ಮಾಡಿದವರು ಸತ್ತು ನೂರಾರು ವರ್ಷ ಕಳೆದಿರುತ್ತಿತ್ತು. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರುಗಳಿವೆ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ನಮ್ಮ ಶಿಲ್ಪಿಗಳು ಹೆಸರಿಲ್ಲದೆ ದುಡಿದವರು ಎಂಬ ಜನಜನಿತ ಮಾತನ್ನು ಹೊಯ್ಸಳರ ಕಾಲದ ಈ ರುಜುಗಳೇ ಸುಳ್ಳುಮಾಡುತ್ತವೆ. ಬಿರುದುಗಳನ್ನೂ ಅವರು ಸಂಕೋಚವಿಲ್ಲದೆ ಕೆತ್ತಿಕೊಂಡಿದ್ದಾರೆ. ಆದರೆ ಒಂದು ಭಂಗಿಯನ್ನು ಹೀಗೇ ಏಕೆ ತಿರುಗಿಸಿದೆ, ಯಾವ ಉಳಿಯಿಂದ ಮುಗಿಸಿದೆ ಎಂದು ದಾಸೋಜನನ್ನು ಕೇಳಿದವರಿಲ್ಲ. ಕೇಳದಿದ್ದರೂ ಶಿಲ್ಪ ನಿಂತಿದೆ, ಅದರ ಅಸ್ತಿತ್ವ ಕಲ್ಲಿನಲ್ಲೇ ಇದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಭರವಸೆ ತಪ್ಪಿಹೋಯಿತು.

ತಪ್ಪಿಸಿದವರಲ್ಲಿ ಮುಖ್ಯರು ಕಲಾವಿದ ಮಾರ್ಸೆಲ್ ದುಶಾಂ. 1917ರಲ್ಲಿ ಅವರು ಅಂಗಡಿಯಲ್ಲಿ ಸಿಗುವ ಪಿಂಗಾಣಿಯ ಮೂತ್ರಪಾತ್ರೆಯೊಂದಕ್ಕೆ ಕಾರಂಜಿ ಎಂದು ಹೆಸರಿಟ್ಟು ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳುಹಿಸಿದ ಕತೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಆ ಮೂಲಪಾತ್ರೆ ಬೇಗನೆ ಕಳೆದುಹೋಯಿತು ಎಂಬುದು. ಇಂದು ದೊಡ್ಡ ಮ್ಯೂಸಿಯಂಗಳು ಹೆಮ್ಮೆಯಿಂದ ತೋರಿಸುವ ಕಾರಂಜಿಗಳಲ್ಲಿ ಹೆಚ್ಚಿನವು 1964ರಲ್ಲಿ ದುಶಾಂ ಒಪ್ಪಿಗೆಯಿಂದ ಮಾಡಿಸಿದ ಪ್ರತಿಗಳು. ಅವುಗಳನ್ನು ಕೃತಿಯಾಗಿಸಿರುವುದು ಆ ಒಪ್ಪಿಗೆ. ಇದಕ್ಕಿಂತ ಸೂಕ್ಷ್ಮವಾದದ್ದು ಅವರ ಗಾಜಿನ ಕೃತಿಯ ಪ್ರಕರಣ. 1915ರಿಂದ 1923ರವರೆಗೆ ದುಡಿದು, ಮುಗಿಸದೆಯೇ ಕೈಬಿಟ್ಟ ಆ ದೊಡ್ಡ ಗಾಜು ಬ್ರೂಕ್ಲಿನ್‌ನ ಪ್ರದರ್ಶನವೊಂದರಿಂದ ಲಾರಿಯಲ್ಲಿ ವಾಪಸು ಬರುವಾಗ ಒಡೆದುಹೋಯಿತು. 1936ರಲ್ಲಿ ದುಶಾಂ ತಾವೇ ಕೂತು ಚೂರುಗಳನ್ನು ಜೋಡಿಸಿದರು. ಅದು ಫಿಲಡೆಲ್ಫಿಯಾ ಮ್ಯೂಸಿಯಂ ಸೇರಿದ ಮೇಲೆ, 1955ರಲ್ಲಿ, ಆಗ ಗುಗನ್‌ಹೈಮ್ ಮ್ಯೂಸಿಯಂನ ನಿರ್ದೇಶಕರಾಗಿದ್ದ ಜೇಮ್ಸ್ ಜಾನ್ಸನ್ ಸ್ವೀನಿ ಆ ಗಾಜಿನ ಪಕ್ಕದಲ್ಲೇ ದುಶಾಂ ಅವರನ್ನು ಮಾತಿಗೆಳೆದರು. ಸಂಭಾಷಣೆ ಮರುವರ್ಷ ಅಮೆರಿಕದ ಟೆಲಿವಿಷನ್‌ನಲ್ಲಿ ಪ್ರಸಾರವಾಯಿತು. ಅದರಲ್ಲಿ ದುಶಾಂ, ನೋಡನೋಡುತ್ತಾ ತಮಗೆ ಆ ಬಿರುಕುಗಳು ಇಷ್ಟವಾಗಿಬಿಟ್ಟಿವೆ ಎಂದು ಹೇಳಿದರು. ಅವುಗಳಲ್ಲಿ ತಾವು ಉದ್ದೇಶಿಸದ, ಆದರೆ ಒಪ್ಪಿಕೊಂಡ ಒಂದು ವಿನ್ಯಾಸವನ್ನು ಕಂಡರು. ಲಾರಿಯ ಕುಲುಕಾಟದಿಂದಾದ ಹಾನಿ ಆ ಮಾತಿನ ಬಲದಿಂದ ಕೃತಿಯ ಅಂಗವಾಗಿ ಉಳಿದುಕೊಂಡಿದೆ. ನಾಳೆ ಯಾರೋ ಜಾಣ ತಂತ್ರಜ್ಞ ಬಿರುಕು ಕಾಣದಂತೆ ಸರಿಮಾಡುತ್ತೇನೆಂದು ಬಂದರೆ ಮ್ಯೂಸಿಯಂ ಆ ಟೆಲಿವಿಷನ್ ಮಾತನ್ನು ತೋರಿಸಿ ಬೇಡವೆನ್ನಬಹುದು. ಸಾರ್ವಜನಿಕ ಸಂವಾದದ ಪ್ರಯೋಜನಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಕೇಳದೆ ಉಳಿದಾಗ ಏನಾಗುತ್ತದೆ ಎಂಬುದಕ್ಕೆ ಇವಾ ಹೆಸ್ಸೆ ಸಾಕ್ಷಿ. ರಬ್ಬರಿನ ಹಾಲು, ಫೈಬರ್ ಗ್ಲಾಸ್‌ಗಳಿಂದ ಅದ್ಭುತ ಶಿಲ್ಪಗಳನ್ನು ಮಾಡಿದ ಆಕೆ 1970ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡರು. ರಬ್ಬರು ಕಾಲಕಳೆದಂತೆ ಕಂದುಗಟ್ಟಿ, ಗಡುಸಾಗಿ, ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ. ಸಾಯುವ ಮುಂಚೆ ಕೊಟ್ಟ ಒಂದು ಸಂದರ್ಶನದಲ್ಲಿ ಆಕೆ ಈ ನಶ್ವರತೆಯ ಬಗ್ಗೆ ಮಾತಾಡಿದ್ದಾರೆ, ಆದರೆ ಅದು ಎರಡು ಕಡೆಗೂ ವಾಲುವ ಮಾತು: ಬಾಳಿಕೆ ಬಾರದಿದ್ದರೆ ಬಾರದು ಎಂಬ ಉಡಾಫೆಯೂ ಇದೆ, ಕೊಂಡವರಿಗೆ ಅನ್ಯಾಯವಾಗುತ್ತದೇನೋ ಎಂಬ ಅಳುಕೂ ಇದೆ. ಮುಂದಿನ ಪ್ರಶ್ನೆಯನ್ನು ಕೇಳುವಷ್ಟು ಕಾಲ ಯಾರಿಗೂ ಸಿಗಲಿಲ್ಲ. ಮೂವತ್ತು ವರ್ಷಗಳ ನಂತರ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಮ್ಯೂಸಿಯಂ ಆಕೆಯ ದೊಡ್ಡ ಪ್ರದರ್ಶನಕ್ಕೆ ಸಿದ್ಧತೆ ನಡೆಸುವಾಗ, ಆಕೆಯ ಗೆಳೆಯರನ್ನೂ ಸಹಾಯಕರನ್ನೂ ಕೃತಿಸಂರಕ್ಷಣೆಯ ತಜ್ಞರನ್ನೂ ಒಂದು ಮೇಜಿನ ಸುತ್ತ ಕೂರಿಸಿ, ಇವಾ ಇದ್ದಿದ್ದರೆ ಏನು ಹೇಳುತ್ತಿದ್ದರು ಎಂದು ಚರ್ಚಿಸಬೇಕಾಯಿತು. ಗುಗನ್‌ಹೈಮ್‌ನಲ್ಲಿದ್ದ ಆಕೆಯ 1969ರ ಒಂದು ಬೃಹತ್ ಕೃತಿ ಸುಮಾರು ಮೂವತ್ತೈದು ವರ್ಷ ಪೆಟ್ಟಿಗೆಯೊಳಗೇ ಇದ್ದು, ದೀರ್ಘ ಸಂರಕ್ಷಣಾ ಕೆಲಸದ ಬಳಿಕ 2022ರಲ್ಲಿ ಮತ್ತೆ ಜನರೆದುರಿಗೆ ಬಂತು. ಇಂಥ ಪೇಚನ್ನು ಮುಂಗಂಡವರು ಕ್ಯಾರಲ್ ಮ್ಯಾನ್‌ಕೂಸಿ-ಉಂಗಾರೊ. ಹ್ಯೂಸ್ಟನ್‌ನ ಮೆನಿಲ್ ಸಂಗ್ರಹದಲ್ಲಿ ಸಂರಕ್ಷಣೆಯ ಹೊಣೆ ಹೊತ್ತಿದ್ದ ಅವರು 1990ರಲ್ಲಿ ಕಲಾವಿದರನ್ನು ಅವರವರ ಕೃತಿಗಳ ಮುಂದೆಯೇ ನಿಲ್ಲಿಸಿ, ಕ್ಯಾಮೆರಾದೆದುರು ಪ್ರಶ್ನೆ ಕೇಳುವ ಯೋಜನೆ ಶುರುಮಾಡಿದರು. ಈ ಹಳದಿ ಬಣ್ಣ ಮೊದಲೇ ಹೀಗಿತ್ತೇ ಅಥವಾ ಮಾಸಿದ್ದೇ? ಈ ಕಲೆ ಇರಲೋ ಒರೆಸಲೋ? ಮೇಲೆ ಹಚ್ಚಿದ್ದು ಏನು? ಜೀವನದರ್ಶನದ ಮಾತು ಅಲ್ಲಿ ಕಡಿಮೆ. ಕೃತಿಯ ಮುಂದೆ ನಿಂತವರು ಸೋಫಾದ ಮೇಲೆ ಕೂತು ಮಾತಾಡುವವರಿಗಿಂತ ಹೆಚ್ಚು ನಿಖರವಾಗಿರುತ್ತಾರೆ. ವಸ್ತು ಕಣ್ಣೆದುರಿಗಿದ್ದಾಗ ಬುರುಡೆ ಬಿಡುವುದು ಕಷ್ಟ.

ಕಲಾವಿದರನ್ನು ಕೇಳಬೇಕೆಂಬ ಮಾತಿಗೆ ಭಾರತದ ಒಂದು ಪ್ರಕರಣ ಕಾನೂನಿನ ಬಲವನ್ನೂ ಕೊಟ್ಟಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಗಾಗಿ ಕೇಂದ್ರ ಸರ್ಕಾರ 1957ರಲ್ಲಿ ಶಿಲ್ಪಿ ಅಮರನಾಥ್ ಸೆಹಗಲ್ ಅವರಿಂದ ಕಂಚಿನ ಭಿತ್ತಿಶಿಲ್ಪ ಮಾಡಿಸಲು ಗೊತ್ತುಮಾಡಿತು. ಐದು ವರ್ಷ ದುಡಿದು, 1962ರಲ್ಲಿ ಅವರು ಅದನ್ನು ಮುಗಿಸಿದರು. 1979ರಲ್ಲಿ ಕಟ್ಟಡದ ನವೀಕರಣದ ಹೆಸರಿನಲ್ಲಿ ಅದನ್ನು ಕಿತ್ತು ಉಗ್ರಾಣಕ್ಕೆ ಸಾಗಿಸಿದರು. ಶಿಲ್ಪಿಗೆ ಒಂದು ಮಾತು ಹೇಳಲಿಲ್ಲ. ತುಂಡುತುಂಡಾದ ಕೃತಿಗಾಗಿ ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಹಿಂದಿರುಗಿಸುವಂತೆಯೂ ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆಯೂ ಆದೇಶಿಸಿತು. ಕೃತಿ ಮಾರಿದ ಮೇಲೂ ಅದರ ಗೌರವ ಕಾಪಾಡಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ ಎಂಬ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮಿಗೆ ಆ ತೀರ್ಪು ಜೀವ ತುಂಬಿತು. ಒಂದು ಗಂಟೆ ಮಾತಾಡಿದ್ದರೆ ತೀರುತ್ತಿದ್ದ ವಿಷಯ ದಶಕಗಳ ಕಾಲ ಎಳೆಯಿತು.

ಇಷ್ಟಕ್ಕೆ ಎದುರಾಗಿ ಬರುವ ಮೊದಲ ಆಕ್ಷೇಪ ಹಳೆಯದು, ಗಟ್ಟಿಯಾದದ್ದು. ಕೃತಿಯೇ ಮಾತಾಡಬೇಕು, ಕಲಾವಿದ ಬಾಯಿ ಬಿಡಬಾರದು ಎಂಬುದು. ಅವರು ಏನು ಹೇಳಿದರೂ ನೋಡುಗರ ಕಲ್ಪನೆಗೆ ಬೇಲಿ ಬೀಳುತ್ತದೆ. ಫಲಕ ಓದಿ ಮುಂದೆ ಹೋಗುವ ಜನರಿಗೆ ಇನ್ನೊಂದು ಊರುಗೋಲು ಕೊಟ್ಟಂತಾಗುತ್ತದೆ. ತಮಾಷೆಯೆಂದರೆ ಈ ವಾದದ ಪ್ರಬಲ ವಕೀಲರೂ ದುಶಾಂ ಅವರೇ. 1957ರಲ್ಲಿ ಹ್ಯೂಸ್ಟನ್‌ನಲ್ಲಿ ಮಾಡಿದ ಸಣ್ಣ ಭಾಷಣದಲ್ಲಿ ಅವರು, ಕಲಾವಿದನಿಗೆ ತಾನೇನು ಮಾಡುತ್ತಿದ್ದೇನೆಂಬ ಪೂರ್ಣ ಅರಿವಿರುವುದಿಲ್ಲ, ಕೃತಿಯನ್ನು ಲೋಕಕ್ಕೆ ಮುಟ್ಟಿಸುವುದರಲ್ಲಿ ನೋಡುಗನ ಪಾಲೂ ಇದೆ ಎಂದು ವಾದಿಸಿದರು. ಇದನ್ನು ನಾನು ಒಪ್ಪುತ್ತೇನೆ. ಒಪ್ಪಿದರೂ ಸಂವಾದ ಬೇಡವೆಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ. ಕಲಾವಿದರ ಮಾತು ತೀರ್ಪಾದರೆ ಮಾತ್ರ ಅದು ನೋಡುಗರ ಬಾಯಿ ಮುಚ್ಚಿಸುತ್ತದೆ. ಸಾಕ್ಷ್ಯವಾದರೆ ಅದನ್ನು ಒರೆಗೆ ಹಚ್ಚಬಹುದು, ತಳ್ಳಿಹಾಕಲೂಬಹುದು.

ಕಲಾವಿದರು ಸುಳ್ಳು ಹೇಳುವುದೂ ಉಂಟು, ಆ ಸುಳ್ಳೂ ಬೆಲೆಬಾಳುತ್ತದೆ. ಬ್ರಿಟನ್ನಿನ ಚಿತ್ರಕಾರ ಫ್ರಾನ್ಸಿಸ್ ಬೇಕನ್ ಅವರೊಡನೆ, ಕಲಾವಿಮರ್ಶಕರೂ ಪ್ರದರ್ಶನಗಳ ಸಂಯೋಜಕರೂ ಆಗಿದ್ದ ಡೇವಿಡ್ ಸಿಲ್ವೆಸ್ಟರ್ 1962ರಲ್ಲಿ ಬಿಬಿಸಿಗಾಗಿ ಮಾತು ಶುರುಮಾಡಿ, ಎರಡು ದಶಕಗಳಿಗೂ ಮೀರಿ ಮುಂದುವರಿಸಿದರು. ಅದು ಪುಸ್ತಕವಾಗಿ, ಕಲಾವಿದರೊಬ್ಬರ ಜೊತೆಗಿನ ಸಂಭಾಷಣೆಗಳಲ್ಲೇ ಹೆಚ್ಚು ಹೆಸರಾಯಿತು. ತಾನು ಮೊದಲು ರೇಖಾಚಿತ್ರ ಬರೆದುಕೊಳ್ಳುವುದಿಲ್ಲ, ನೇರವಾಗಿ ಕ್ಯಾನ್ವಾಸಿನ ಮೇಲೆ, ಆಕಸ್ಮಿಕಗಳನ್ನು ನಂಬಿ ಕೆಲಸ ಮಾಡುತ್ತೇನೆ ಎಂದು ಬೇಕನ್ ಅದರಲ್ಲಿ ಹೇಳಿಕೊಂಡರು. ಲೋಕ ನಂಬಿತು, ಬೇಕನ್ ಚಿತ್ರಗಳನ್ನು ನೋಡುವ ದೃಷ್ಟಿಯೇ ಆ ಮಾತಿನಿಂದ ರೂಪುಗೊಂಡಿತು. 1992ರಲ್ಲಿ ಅವರು ತೀರಿಕೊಂಡ ಬಳಿಕ ಕಾಗದದ ಮೇಲಿನ ಪೂರ್ವತಯಾರಿಯ ಚಿತ್ರಗಳು ಬೆಳಕಿಗೆ ಬಂದವು, ಲಂಡನ್ನಿನ ಟೇಟ್ ಮ್ಯೂಸಿಯಂ ಅವುಗಳನ್ನು ಕೊಂಡು 1999ರಲ್ಲಿ ಪ್ರದರ್ಶಿಸಿತು. ಅವರ ಕೆಲಸದ ಕೋಣೆಯನ್ನು ಕಸಕಡ್ಡಿಯ ಸಮೇತ ಡಬ್ಲಿನ್‌ನ ಹ್ಯೂ ಲೇನ್ ಗ್ಯಾಲರಿಗೆ ಸಾಗಿಸಿ ಪಟ್ಟಿಮಾಡಿದಾಗ ಏಳು ಸಾವಿರಕ್ಕೂ ಹೆಚ್ಚು ವಸ್ತುಗಳು ಸಿಕ್ಕವು: ಹರಿದ ಫೋಟೊಗಳು, ಪುಸ್ತಕದ ಹಾಳೆಗಳು, ಅವುಗಳ ಮೇಲೆ ಗೀಚಿದ್ದು. ಆಕಸ್ಮಿಕದ ಹಿಂದೆ ಬೇಕಾದಷ್ಟು ಸಿದ್ಧತೆ ಇತ್ತು. ಆದರೆ ಆ ಸಂಭಾಷಣೆ ದಾಖಲಾಗದೆ ಇದ್ದಿದ್ದರೆ, ಒಬ್ಬ ಚಿತ್ರಕಾರ ತನ್ನನ್ನು ಹೇಗೆ ತೋರಿಸಿಕೊಳ್ಳಲು ಬಯಸಿದ, ಏನನ್ನು ಬಚ್ಚಿಟ್ಟ ಎಂಬುದು ಗೊತ್ತಾಗುತ್ತಿರಲಿಲ್ಲ. ಕಾಗದದ ಚಿತ್ರಗಳಿಗೆ ಅಷ್ಟು ಮಹತ್ವ ಬಂದದ್ದೇ ಅವು ಇಲ್ಲವೆಂದು ಅವರು ಎಲ್ಲರೆದುರು ಹೇಳಿದ್ದರಿಂದ. ಸಿಲ್ವೆಸ್ಟರ್ ಕೂಡ ಮಾತುಗಳನ್ನು ಹಿಂದುಮುಂದು ಮಾಡಿ ಹೊಂದಿಸಿದ್ದೇನೆ ಎಂದು ಪುಸ್ತಕದಲ್ಲೇ ತಿಳಿಸಿದ್ದಾರೆ. ಓದಲು ಅದು ಸೊಗಸಾಗಿದೆ, ಸಾಕ್ಷ್ಯವಾಗಿ ಅಷ್ಟರಮಟ್ಟಿಗೆ ದುರ್ಬಲ. ಮೂಲ ಧ್ವನಿಮುದ್ರಿಕೆಗಳನ್ನು ಇಡಬೇಕು ಎನ್ನುವುದು ಅದಕ್ಕೇ.

ಎರಡನೆಯ ಆಕ್ಷೇಪ ಇನ್ನೂ ಇಕ್ಕಟ್ಟಿನದು. ಕ್ಯುರೇಟರ್ ಮ್ಯೂಸಿಯಂನ ಸಂಬಳಕ್ಕಿರುವವರು, ಕಲಾವಿದರು ಅದೇ ಮ್ಯೂಸಿಯಂನ ಅತಿಥಿ. ಕರೆದ ಮನೆಯವರೂ ಬಂದ ನೆಂಟರೂ ಎಲ್ಲರೆದುರು ಒಬ್ಬರನ್ನೊಬ್ಬರು ಪೇಚಿಗೆ ಸಿಕ್ಕಿಸುವರೆ? ದುಡ್ಡು ಕೊಡುವ ದಾನಿಗಳು ಮೊದಲ ಸಾಲಿನಲ್ಲೇ ಕೂತಿರುತ್ತಾರೆ. ಈ ಆಕ್ಷೇಪಕ್ಕೆ ಇತಿಹಾಸ ಬೇಕಾದಷ್ಟು ಪುಷ್ಟಿ ಕೊಡುತ್ತದೆ. 1970ರಲ್ಲಿ ಕಲಾವಿದ ಹಾನ್ಸ್ ಹಾಕೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಎರಡು ಪಾರದರ್ಶಕ ಪೆಟ್ಟಿಗೆಗಳನ್ನಿಟ್ಟು ಜನರಿಂದ ಮತ ಹಾಕಿಸಿದರು: ಅಧ್ಯಕ್ಷ ನಿಕ್ಸನ್ನರ ಇಂಡೊಚೀನಾ ನೀತಿಯನ್ನು ಗವರ್ನರ್ ರಾಕ್‌ಫೆಲ್ಲರ್ ಖಂಡಿಸದಿರುವುದು ನೀವು ಅವರಿಗೆ ಮತ ಕೊಡದಿರಲು ಕಾರಣವಾಗುತ್ತದೆಯೆ ಎಂದು. ಆ ಮ್ಯೂಸಿಯಂ ಕಟ್ಟಿದವರಲ್ಲಿ ಗವರ್ನರರ ತಾಯಿಯೇ ಒಬ್ಬರು. ಹೌದು ಎಂದವರು ಇಲ್ಲ ಎಂದವರ ದುಪ್ಪಟ್ಟಿಗಿಂತ ಹೆಚ್ಚು. ಮರುವರ್ಷ ಇದೇ ಹಾಕೆ, ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಒಂದೇ ಗುಂಪಿನ ಹಿಡಿತದಲ್ಲಿದ್ದ ಕಟ್ಟಡಗಳ ಫೋಟೊಗಳನ್ನೂ ಸರ್ಕಾರಿ ಕಡತಗಳಿಂದ ಎತ್ತಿದ ಒಡೆತನದ ವಿವರಗಳನ್ನೂ ಗುಗನ್‌ಹೈಮ್‌ನಲ್ಲಿ ತೋರಿಸಲು ಹೊರಟಾಗ, ನಿರ್ದೇಶಕ ಥಾಮಸ್ ಮೆಸ್ಸರ್ ಪ್ರದರ್ಶನವನ್ನೇ ರದ್ದುಮಾಡಿದರು. ಕಲಾವಿದರ ಪರ ನಿಂತ ಕ್ಯುರೇಟರ್ ಎಡ್ವರ್ಡ್ ಫ್ರೈ ಕೆಲಸ ಕಳೆದುಕೊಂಡರು. ಪ್ರಶ್ನೆ ಕೇಳುವ ಸ್ವಾತಂತ್ರ್ಯಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಫ್ರೈ ಅವರ ಉದಾಹರಣೆ ಸಾಕು. ಆ ತಿರಸ್ಕೃತ ಕೃತಿಯನ್ನು ಮುಂದೆ ನ್ಯೂಯಾರ್ಕಿನದೇ ವಿಟ್ನಿ ಮ್ಯೂಸಿಯಂ ಬಾರ್ಸಿಲೋನಾದ ಮ್ಯೂಸಿಯಂ ಒಂದರ ಜೊತೆ ಸೇರಿ ಕೊಂಡುಕೊಂಡಿತು ಎಂಬುದನ್ನೂ ಹೇಳಿಬಿಡಬೇಕು.

ಹಾಗಿದ್ದರೂ ಈ ಪ್ರಕರಣಗಳು ಬೊಟ್ಟು ಮಾಡುವುದು ಸಂವಾದದ ಅಭಾವದ ಕಡೆಗೆ. ಬಾಗಿಲು ಮುಚ್ಚಿದ ಕೋಣೆಯ ತೀರ್ಮಾನಗಳಿಂದಲೇ ಫ್ರೈ ಬಲಿಯಾದದ್ದು. ಮ್ಯೂಸಿಯಂ ತಾನೇ ಪ್ರಶ್ನೆಗೆ ಒಡ್ಡಿಕೊಂಡಾಗ ಏನಾಗಬಹುದೆಂದು 1992ರಲ್ಲಿ ಬಾಲ್ಟಿಮೋರ್ ತೋರಿಸಿತು. ಮೇರಿಲ್ಯಾಂಡ್ ಐತಿಹಾಸಿಕ ಸಂಘದ ಸಂಗ್ರಹವನ್ನು ಆಫ್ರಿಕನ್ ಅಮೆರಿಕನ್ ಕಲಾವಿದ ಫ್ರೆಡ್ ವಿಲ್ಸನ್ ಕೈಗೆ ಒಪ್ಪಿಸಿ, ಬೇಕಾದ ಹಾಗೆ ಜೋಡಿಸಿ ಎಂದರು. ಕ್ಯುರೇಟರ್ ಲೀಸಾ ಕೊರಿನ್ ಜೊತೆಗಿದ್ದರು. ವಿಲ್ಸನ್ ಹೊಸದಾಗಿ ಏನನ್ನೂ ಕೆತ್ತಲಿಲ್ಲ, ಬರೆಯಲಿಲ್ಲ. ಉಗ್ರಾಣದೊಳಗೆ ಹೊಕ್ಕು, ಸಾಹುಕಾರರ ಮನೆಯ ಕುಸುರಿ ಬೆಳ್ಳಿ ಹೂಜಿಗಳ ನಡುವೆ ಗುಲಾಮರ ಕಾಲಿಗೆ ತೊಡಿಸುತ್ತಿದ್ದ ಕಬ್ಬಿಣದ ಬೇಡಿಗಳನ್ನಿಟ್ಟು, ಮ್ಯೂಸಿಯಂನ ಎಂದಿನ ಶೈಲಿಯಲ್ಲೇ ಲೋಹದ ಕೆಲಸ, 1793–1880 ಎಂದು ಫಲಕ ಹಾಕಿದರು. ಅಂದವಾದ ಹಳೆಯ ಕುರ್ಚಿಗಳನ್ನು ಛಡಿಯೇಟು ಕೊಡಲು ಬಳಸುತ್ತಿದ್ದ ಕಂಬದ ಕಡೆಗೆ ಮುಖಮಾಡಿ ಇಟ್ಟರು. ಮೇರಿಲ್ಯಾಂಡಿಗೆ ಸಂಬಂಧವೇ ಇಲ್ಲದ ನೆಪೋಲಿಯನ್ನನಂಥವರ ಪ್ರತಿಮೆಗಳು ಪೀಠದ ಮೇಲಿದ್ದವು. ಅದೇ ನೆಲದಲ್ಲಿ ಹುಟ್ಟಿದ ಹ್ಯಾರಿಯೆಟ್ ಟಬ್‌ಮನ್, ಫ್ರೆಡೆರಿಕ್ ಡಗ್ಲಸ್, ಬೆಂಜಮಿನ್ ಬ್ಯಾನೆಕರ್ ಅವರ ಹೆಸರು ಬರೆದ ಪೀಠಗಳು ಬರಿದಾಗಿದ್ದವು, ಏಕೆಂದರೆ ಸಂಗ್ರಹದಲ್ಲಿ ಅವರ ಪ್ರತಿಮೆಗಳೇ ಇರಲಿಲ್ಲ. ನೋಡಲು ಬಂದವರ ಪ್ರತಿಕ್ರಿಯೆಗಳನ್ನು ಬರೆಸಿಕೊಂಡು ಆಮೇಲಿನ ಪುಸ್ತಕದಲ್ಲಿ ಸೇರಿಸಿದರು. ಕಲಾವಿದರು ಪ್ರಶ್ನೆ ಹಾಕುವ, ಮ್ಯೂಸಿಯಂ ಉತ್ತರ ಹೇಳಬೇಕಾದ ಸಂವಾದ ಇದು. ಆತಿಥ್ಯಕ್ಕೆ ಇದರಿಂದ ಧಕ್ಕೆಯಾಗಲಿಲ್ಲ. ಮ್ಯೂಸಿಯಂ ಕುರಿತ ಬರಹಗಳಲ್ಲಿ ಇಂದಿಗೂ ಆ ಸಂಘದ ಹೆಸರು ಬರುವುದು ಮುಖ್ಯವಾಗಿ ಈ ಪ್ರದರ್ಶನದಿಂದ.

ಒಳಗೆ ಮಾತಿಗೆ ಜಾಗ ಕೊಡದಿದ್ದರೆ ಮಾತು ಬೀದಿಗೆ ಬರುತ್ತದೆ. 2016ರಲ್ಲಿ ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ಹೊಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಸರ್ಕಾರದ ಯೋಜನೆಯನ್ನು ವಿರೋಧಿಸಿ ಕಲಾವಿದರು ಹೋರಾಟಕ್ಕಿಳಿದರು. ಸರಿ ಯಾರದು ತಪ್ಪು ಯಾರದು ಎಂಬುದು ಬೇರೆ ಚರ್ಚೆ. ಹಣವಿಲ್ಲದ ಸರ್ಕಾರಿ ಗ್ಯಾಲರಿಗೆ ಹೊರಗಿನ ನೆರವು ಬೇಡವೇ ಎಂಬ ಪ್ರಶ್ನೆಗೂ ತೂಕವಿತ್ತು. ಆದರೆ ಆ ಜಾಗವನ್ನು ದಶಕಗಳಿಂದ ಬಳಸುತ್ತಿದ್ದವರ ಅಭಿಪ್ರಾಯ ಒಪ್ಪಂದದ ನಂತರ ಬರುವುದಕ್ಕಿಂತ ಮುಂಚೆ ಬರಬೇಕಿತ್ತು ಎಂಬುದರಲ್ಲಿ ಎರಡು ಮಾತಿರಲಾರದು.

ಮೂರನೆಯ ಆಕ್ಷೇಪ ಸಾಮಾನ್ಯ ನೋಡುಗರದು, ನನಗೆ ಹೆಚ್ಚು ಕಾಡುವುದೂ ಅದೇ: ಈ ಸಂವಾದಗಳು ಅರ್ಥವೇ ಆಗುವುದಿಲ್ಲ. ತಮ್ಮವರಿಗೆ ಮಾತ್ರ ತಿಳಿಯುವ ಪರಿಭಾಷೆಯಲ್ಲಿ ಇಬ್ಬರು ಮಾತಾಡಿಕೊಳ್ಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ದೂರು ನಿಜ. ಪ್ರಶ್ನೆಗಳು ಏಕೆ ಎಂಬಲ್ಲಿಂದ ಶುರುವಾಗುವುದು ಇದಕ್ಕೊಂದು ಕಾರಣವೆಂದು ನನ್ನ ಅನಿಸಿಕೆ. ಏಕೆ ಎಂದು ಕೇಳಿದರೆ ಕಲಾವಿದರು ಸಿದ್ಧಾಂತ ಹುಡುಕಿ ತರುತ್ತಾರೆ. ಹೇಗೆ, ಎಲ್ಲಿಂದ, ಯಾರ ಕೈಯಲ್ಲಿ, ಎಷ್ಟು ದಿನ ಎಂದು ಕೇಳಿದರೆ ಬೇರೆಯೇ ಮಾತು ಹೊರಡುತ್ತದೆ, ಅದು ಯಾರಿಗೂ ತಿಳಿಯುತ್ತದೆ. ಸಿದ್ಧಾಂತವೂ ಅದರ ಹಿಂದಿನಿಂದ ತಾನಾಗಿ ಬರುತ್ತದೆ.

ಕಲಾವಿದೆ ಶೀಲಾ ಗೌಡ ಅವರ ಕೃತಿಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಲಂಡನ್‌ಗಳಲ್ಲಿ ಕಲಿತು, ಬೆಂಗಳೂರಿನಲ್ಲೇ ನೆಲೆಸಿ ಕೆಲಸ ಮಾಡುವ ಇವರು ಚಿತ್ರಕಲೆಯಿಂದ ಶುರುಮಾಡಿ, ತೊಂಬತ್ತರ ದಶಕದಲ್ಲಿ ಸಗಣಿ, ಕುಂಕುಮ, ದಾರಗಳತ್ತ ಹೊರಳಿದರು. 1998ರ ಒಂದು ಕೃತಿಯಲ್ಲಿ ಉದ್ದುದ್ದ ದಾರಗಳನ್ನು ಸೂಜಿಗಳ ಕಣ್ಣಿನಲ್ಲಿ ಪೋಣಿಸಿ, ಎಲ್ಲವನ್ನೂ ಸೇರಿಸಿ ಗೋಂದು ಮತ್ತು ಕುಂಕುಮ ಸವರಿ ಹಗ್ಗವಾಗಿಸಿದ್ದಾರೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಜೋತಾಡುತ್ತವೆ. ಗೋಡೆಯ ಮೇಲೂ ನೆಲದ ಮೇಲೂ ಆ ಕೆಂಪು ಹಗ್ಗ ಆಯಾ ಕೋಣೆಗೆ ತಕ್ಕಂತೆ ಹರಿದಾಡುತ್ತದೆ. 2009ರ ವೆನಿಸ್ ಬಿನಾಲೆ ಎಂಬ ಕಲಾಪ್ರದರ್ಶನದಲ್ಲಿ ತೋರಿಸಿ, ಮುಂದೆ ಟೇಟ್ ಸಂಗ್ರಹಕ್ಕೆ ಸೇರಿದ ಇನ್ನೊಂದು ಕೃತಿಯಲ್ಲಿ ಸುಮಾರು ನಾಲ್ಕು ಕಿಲೊಮೀಟರ್ ಉದ್ದದ ಕೂದಲ ಹಗ್ಗವಿದೆ, ಅದರಲ್ಲಿ ಸಿಕ್ಕಿಕೊಂಡು ತೂಗುವ ಕಾರಿನ ಬಂಪರುಗಳಿವೆ.

ಲಂಡನ್ನಿನ ನೋಡುಗರಿಗೆ ಇಲ್ಲಿ ಬಹಳಷ್ಟನ್ನು ಹೇಳಿಕೊಡಬೇಕಾಗುತ್ತದೆ. ದೇವಸ್ಥಾನದಲ್ಲಿ ಹರಕೆ ಹೊತ್ತು ಮುಡಿ ಕೊಡುತ್ತಾರೆ. ಉದ್ದ ಕೂದಲು ಟೋಪನ್ನಿನ ವ್ಯಾಪಾರಕ್ಕೆ ಹೋಗುತ್ತದೆ. ಉಳಿದ ಗಿಡ್ಡ ಕೂದಲನ್ನು ಹೊಸೆದು ಹಗ್ಗ ಮಾಡುತ್ತಾರೆ. ಅದನ್ನು ದೃಷ್ಟಿ ತಾಗದಿರಲೆಂದು ವಾಹನದ ಬಂಪರಿಗೆ ಕಟ್ಟುತ್ತಾರೆ. ಟೇಟ್ ಇದನ್ನೆಲ್ಲ ಕಲಾವಿದೆಯಿಂದ ಕೇಳಿ ತಿಳಿದು ಬರೆದುಕೊಂಡಿದೆ. ಬೆಂಗಳೂರಿನ ಆಟೊ ಚಾಲಕರಿಗೆ ಇದು ಹೇಳದೆ ಗೊತ್ತು. ಅವರಿಗೆ ಬೇರೆ ಪ್ರಶ್ನೆಗಳಿರುತ್ತವೆ: ಬಂಪರಿಗೆ ಒಂದು ಗೇಣು ಕಟ್ಟುವುದನ್ನು ನಾಲ್ಕು ಕಿಲೊಮೀಟರ್ ಏಕೆ ಮಾಡಿದಿರಿ? ಹೊಸೆದವರು ಯಾರು, ಕೂಲಿ ಎಷ್ಟು? ಹರಕೆಯ ಕೂದಲನ್ನು ಹೀಗೆ ತೂಗಿಹಾಕಿದರೆ ಕೊಟ್ಟವರು ಏನೆನ್ನುತ್ತಾರೆ? ಇವು ಕ್ಯುರೇಟರಿಗೆ ತಾನಾಗಿ ಹೊಳೆಯದ, ಆದರೆ ಕೃತಿಯ ಜೀವನಾಡಿಯನ್ನು ಮುಟ್ಟುವ ಪ್ರಶ್ನೆಗಳು. ನಮ್ಮಲ್ಲಿ ಈಗ ಜಾಗಗಳಿಗೆ ಕೊರತೆಯಿಲ್ಲ. ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಬೆಂಗಳೂರು ಶಾಖೆ 2009ರಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ ತೆರೆಯಿತು; ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ 2023ರಲ್ಲಿ ಬಾಗಿಲು ತೆರೆಯಿತು. ಇಂಥ ಕಡೆ ಕಲಾವಿದರ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆದರೆ, ಹಗ್ಗ ಹೊಸೆಯುವವರ, ಸೂಜಿ ಪೋಣಿಸುವವರ ಬಾಯಿಂದ ಬರಬಹುದಾದ ಪ್ರಶ್ನೆಗಳು ಸಭೆಯ ಹೊರಗೇ ಉಳಿಯುತ್ತವೆ, ದಾಖಲೆಯಲ್ಲೂ ಇರುವುದಿಲ್ಲ.

ಇದನ್ನು ಭಾಷಾಭಿಮಾನದಿಂದ ಹೇಳುತ್ತಿಲ್ಲ, ಸಂರಕ್ಷಣೆಯ ಅಗತ್ಯದಿಂದಲೇ ಹೇಳುತ್ತಿದ್ದೇನೆ. ಕುಂಕುಮದ ಬಣ್ಣ ಬೆಳಕಿಗೆ ಮಾಸಬಹುದು, ಗೋಂದು ತೇವಕ್ಕೆ ಸಡಿಲವಾಗಬಹುದು, ಕೂದಲಿಗೆ ಹುಳ ಬೀಳಬಹುದು. ಐವತ್ತು ವರ್ಷ ಕಳೆದ ಮೇಲೆ ಯಾವುದೋ ದೇಶದ ಮ್ಯೂಸಿಯಂನವರು ಈ ಹಗ್ಗ ಬದಲಿಸಬಹುದೇ, ಬದಲಿಸುವುದಾದರೆ ಯಾವ ಕುಂಕುಮ, ಅರಿಸಿನದಿಂದ ಮಾಡಿದ್ದೋ ರಾಸಾಯನಿಕ ಬಣ್ಣದ್ದೋ, ಕೂದಲು ಹರಕೆಯದೇ ಆಗಬೇಕೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಇದರಲ್ಲಿ ಕೆಲವಕ್ಕೆ ಕಲಾವಿದರ ಉತ್ತರ ಈಗಾಗಲೇ ಕಡತ ಸೇರಿರಬಹುದು. ಎಲ್ಲಿಯ ಕುಂಕುಮ, ಯಾವ ಅಂಗಡಿಯ ಗೋಂದು, ಎಷ್ಟು ಎಳೆಯ ದಾರ ಎಂದು ಬಿಡಿಸಿ ಕೇಳಬಲ್ಲವರು ಮಾತ್ರ ಲಂಡನ್ನಿನಲ್ಲೋ ಇನ್ಯಾವುದೋ ದೂರದ ಊರಿನಲ್ಲೋ ಇಲ್ಲ. ಅವರು ಬೆಂಗಳೂರಿನ ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ ಇದ್ದಾರೆ.